ಪ್ಲಾಟ್‌ಫಾರಂ ಬದಲಾದಾಗ

ಬಂಗಾರಪೇಟೆಯಲ್ಲಿ ಹುಟ್ಟಿ ಬೆಳೆದವರಿಗೆ ಪ್ಲಾಟ್‌ಫಾರಂ ಎಂದರೆ ರೈಲು ನಿಲ್ಲುವ ಜಾಗ. ಬೇರೆ ಅರ್ಥ ನಮಗೆ ಬಹಳ ಕಾಲ ಗೊತ್ತಿರಲಿಲ್ಲ. ನಮ್ಮೂರು ಜಂಕ್ಷನ್. ಬೆಂಗಳೂರಿನಿಂದ ಜೋಲಾರ್‌ಪೇಟೆಗೆ ಹೋಗುವ ಹಾದಿಯಲ್ಲಿ ಇಲ್ಲಿಂದ ಒಂದು ಕವಲು ಕೋಲಾರದ ಕಡೆಗೆ ಹೊರಳುತ್ತದೆ. ಇನ್ನೊಂದು ಕವಲು ಕೆಜಿಎಫ್‌ನ ಚಿನ್ನದ ಗಣಿಗಳ ಮಗ್ಗುಲಲ್ಲೇ ಸಾಗಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ನಸುಕಿನಲ್ಲಿ ಆ ಕಡೆಯಿಂದ ಬರುವ ರೈಲಿನಲ್ಲಿ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಮರಳುತ್ತಾರೆ.

ದಿನವೂ ರೈಲಿಗೆ ಕಾಯುವವರಿಗೆ ಒಂದು ದೃಶ್ಯ ಚಿರಪರಿಚಿತ. ಜನರೆಲ್ಲ ಒಂದು ಕಡೆ ಕಾಯುತ್ತಿರುವಾಗ, ಗಾಡಿ ಇನ್ನೊಂದು ಪ್ಲಾಟ್‌ಫಾರಂಗೆ ಬರುತ್ತಿದೆ ಎಂಬ ಘೋಷಣೆ ಕೇಳಿಸುತ್ತದೆ. ಹುಡುಗರು ಮೇಲ್ಸೇತುವೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಹೋಗುತ್ತಾರೆ. ಮಂಡಿನೋವಿನ ಮುದುಕಿ, ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಿ, ತರಕಾರಿ ಮೂಟೆಯವಳು ಹಿಂದೆ ಉಳಿಯುತ್ತಾರೆ. ಟಿಕೆಟ್ ಎಲ್ಲರ ಕೈಯಲ್ಲೂ ಇದೆ, ಎಲ್ಲರೂ ಹೊತ್ತಿಗೆ ಮುಂಚೆಯೇ ಬಂದು ಕುಳಿತಿದ್ದರು. ಆದರೂ ಗಾಡಿ ಕೆಲವರಿಗೆ ಸಿಗುತ್ತದೆ, ಕೆಲವರಿಗೆ ತಪ್ಪುತ್ತದೆ. ತಪ್ಪಿಸಿಕೊಂಡವರು ಮಾಡಿದ ತಪ್ಪಾದರೂ ಏನು?

ಈ ಪ್ರಶ್ನೆ ನಮ್ಮನ್ನು ನಿಜವಾಗಿ ಕಾಡಿದ್ದು ರೈಲ್ವೆ ನಿಲ್ದಾಣದಲ್ಲಲ್ಲ, ನಮ್ಮದೇ ಅಂಗಡಿಯಲ್ಲಿ.

ನಾವಿಬ್ಬರು ಅಣ್ಣತಮ್ಮಂದಿರು ಸೇರಿ ನಡೆಸುತ್ತಿದ್ದುದು ಒಂದು ಸಣ್ಣ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಕನ್ನಡದಲ್ಲಿ ಅರ್ಜಿ, ಉರ್ದುವಿನಲ್ಲಿ ಲಗ್ನಪತ್ರಿಕೆ, ತಮಿಳಿನಲ್ಲಿ ಪುಣ್ಯತಿಥಿಯ ಕಾರ್ಡು, ಇಂಗ್ಲಿಷಿನಲ್ಲಿ ಕೆಲಸ ಹುಡುಕುವ ಹುಡುಗರ ಬಯೋಡೇಟಾ, ಹೀಗೆ ನಮ್ಮ ಸೀಮೆಯ ನಾಲ್ಕೂ ಭಾಷೆಗಳು ಅಲ್ಲಿ ಅಚ್ಚಾಗುತ್ತಿದ್ದವು. 2014ರ ಬೇಸಿಗೆಯಲ್ಲಿ ರಾಬರ್ಟ್‌ಸನ್‌ಪೇಟೆಯ ಹುಡುಗನೊಬ್ಬ ಸಂಜೆ ಹೊತ್ತು ನಮ್ಮಲ್ಲಿ ಕೆಲಸಕ್ಕೆ ಬರತೊಡಗಿದ. ಡಿಪ್ಲೊಮಾ ಓದುತ್ತಿದ್ದವನು. ಅವನ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಬಂದ ವಾರದಲ್ಲೇ ಹುಡುಗ ಕೇಳಿದ:

"ಅಣ್ಣಾ, ಈ ವಿಂಡೋಸ್ ಎಕ್ಸ್‌ಪಿಗೆ ಕಂಪನಿಯವರು ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸಿಬಿಟ್ಟರು. ನಮ್ಮದಕ್ಕೆ ಲೈಸೆನ್ಸ್ ಇದೆಯಾ?"

ನಾವು ನಕ್ಕೆವು. ಆ ದಿನಗಳಲ್ಲಿ ಅಂಥ ಅಂಗಡಿಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಕಂಪ್ಯೂಟರ್ ಜೋಡಿಸಿಕೊಟ್ಟವನು ಒಂದು ಸಿ.ಡಿ.ಯಿಂದ ಎಲ್ಲವನ್ನೂ ತುಂಬಿಸಿಕೊಟ್ಟಿದ್ದ. ಅದಕ್ಕೆ ನಾವು ಕೊಟ್ಟದ್ದು ಇನ್ನೂರೋ ಮುನ್ನೂರೋ ರೂಪಾಯಿ. ನಕ್ಕ ಮೇಲೆ ನೆನಪಾಯಿತು: ಹಲಾಲ್ ಸಂಪಾದನೆಯ ಮಹತ್ವದ ಬಗ್ಗೆ ಮೊಹಲ್ಲಾದವರು ಹಂಚಿದ ಒಂದು ಕರಪತ್ರವನ್ನು ನಾವು ಇದೇ ಯಂತ್ರದಲ್ಲಿ, ಕದ್ದ ಈ ತಂತ್ರಾಂಶದಲ್ಲೇ ಟೈಪ್ ಮಾಡಿ ಕೊಟ್ಟಿದ್ದೆವು. ಕರಡು ತಿದ್ದುವಾಗ ಒಂದೊಂದು ಸಾಲನ್ನೂ ಎರಡೆರಡು ಸಲ ಓದಿದ್ದೆವು. ಆ ಮಾತು ನಮಗೂ ಸೇರಿದ್ದೆಂದು ಆಗ ಅನ್ನಿಸಿರಲಿಲ್ಲ.

ನಮ್ಮ ಬಳಿ ಸಮರ್ಥನೆಗಳು ಇರಲಿಲ್ಲವೆಂದಲ್ಲ. ದೊಡ್ಡ ಕಂಪನಿಗೆ ನಮ್ಮ ಪುಡಿಗಾಸಿನಿಂದ ಏನಾಗಬೇಕಿದೆ, ಊರೆಲ್ಲ ಹೀಗೇ ನಡೆಯುತ್ತಿದೆ, ಅಷ್ಟು ದುಡ್ಡು ಕೊಟ್ಟರೆ ಬಾಡಿಗೆ ಕಟ್ಟುವುದು ಹೇಗೆ, ಎಂಬವೆಲ್ಲ ನಾಲಗೆಯ ತುದಿಯಲ್ಲೇ ಇದ್ದವು. ಆದರೆ ಇವೆಲ್ಲಕ್ಕಿಂತ ಗಟ್ಟಿಯಾದ ಇನ್ನೊಂದು ಕಾರಣ ಒಳಗಿತ್ತು. ಅದನ್ನು ಹೇಳಲು ನಾಚಿಕೆಯಾಗುತ್ತಿತ್ತು. ಬೇರೆಯದನ್ನು ಮೊದಲಿನಿಂದ ಕಲಿಯಲು ನಮಗೆ ಭಯ. ಕಣ್ಣು ಮುಚ್ಚಿಕೊಂಡು ಲಗ್ನಪತ್ರಿಕೆ ಮಾಡಿಕೊಡಬಲ್ಲ ನಾವು, ಗಿರಾಕಿಯ ಎದುರು ತಡವರಿಸುವುದು ಹೇಗೆ?

ಹುಡುಗ ಮರುದಿನ ಒಂದು ಸಿ.ಡಿ. ತಂದ. ಅದರಲ್ಲಿದ್ದುದು ಉಬುಂಟು ಎಂಬ ಲಿನಕ್ಸ್. ಅದೇ ಏಪ್ರಿಲ್‌ನಲ್ಲಿ ಹೊಸ ಆವೃತ್ತಿ ಬಿಡುಗಡೆಯಾಗಿತ್ತು. "ಇದನ್ನ ಕಾಪಿ ಮಾಡಿದರೆ ಕಳ್ಳತನ ಅಲ್ಲ ಅಣ್ಣಾ. ಬೇರೆಯವರಿಗೂ ಕೊಡಿ ಅಂತ ಅದರ ಲೈಸೆನ್ಸೇ ಹೇಳುತ್ತೆ" ಅಂದ. ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು ಎಂಬ ತತ್ವದ ಮೇಲೆ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಒಂದು ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಅದಕ್ಕೆ ಕೂಡಿಕೊಂಡಿತು. ಮುಂದೆ ಜಗತ್ತಿನ ನಾನಾ ಕಡೆಯವರು ಸೇರಿ ಬೆಳೆಸಿದ ಫಲ ಆ ಸಿ.ಡಿ.ಯಲ್ಲಿತ್ತು. "ಪ್ಲಾಟ್‌ಫಾರಂ ಬದಲಾಯಿಸೋಣ" ಎಂದು ಹುಡುಗ ಅಂದಾಗ ನಮ್ಮ ಕಣ್ಣ ಮುಂದೆ ಬಂದದ್ದು ರೈಲ್ವೆ ಮೇಲ್ಸೇತುವೆಯ ಮೆಟ್ಟಿಲುಗಳೇ.

ಮೊದಲ ದಿನ ನಾವು ಪಟ್ಟ ಪಾಡು ಈಗ ನಗು ತರಿಸುತ್ತದೆ. ಕಿಟಕಿ ಮುಚ್ಚುವ ಗುಂಡಿ ಬಲಮೂಲೆಯಲ್ಲಿ ಇರಬೇಕಿತ್ತು, ಇದರಲ್ಲಿ ಎಡಮೂಲೆಗೆ ಬಂದಿತ್ತು. ಕೈ ಮಾತ್ರ ಹತ್ತು ಸಲಕ್ಕೆ ಒಂಬತ್ತು ಸಲ ಬಲಕ್ಕೇ ಓಡುತ್ತಿತ್ತು. 'ಸಿ' ಡ್ರೈವ್ ಇಲ್ಲ, 'ಡಿ' ಡ್ರೈವ್ ಇಲ್ಲ. 'ಸ್ಟಾರ್ಟ್' ಗುಂಡಿ ಇಲ್ಲ. ನಾವು ಬಳಸುತ್ತಿದ್ದ ಪೇಜ್‌ಮೇಕರ್ ಅದರಲ್ಲಿ ನಡೆಯುವುದಿಲ್ಲ. ಹಳೆಯ ಲಗ್ನಪತ್ರಿಕೆಯ ಬರಹವೊಂದನ್ನು ತೆರೆದೆವು. ವಧೂವರರ ಹೆಸರಿದ್ದ ಜಾಗದಲ್ಲಿ ಕೊಂಬು, ಬಾಲ, ಚುಕ್ಕೆಗಳಿದ್ದ ಇಂಗ್ಲಿಷ್ ಅಕ್ಷರಗಳ ರಾಶಿ ಬಿದ್ದಿತ್ತು. ಹುಡುಗ ವಿವರಿಸಿದ. ಆ ಕಾಲದ ಬಹುಪಾಲು ಕನ್ನಡ ಫಾಂಟ್‌ಗಳು ಕನ್ನಡವನ್ನು ಕನ್ನಡವೆಂದು ಉಳಿಸುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಚಿತ್ರಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇರುವ ಯಂತ್ರದಲ್ಲಿ ಅದು ಕನ್ನಡ, ಇಲ್ಲದ ಯಂತ್ರದಲ್ಲಿ ಅದು ಕಸ. ಪ್ರತಿ ಭಾಷೆಯ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ 1991ರಲ್ಲೇ ಕನ್ನಡಕ್ಕೂ ಜಾಗ ಮಾಡಿಕೊಟ್ಟಿತ್ತು. ನಾವು ಅತ್ತ ತಿರುಗಿ ನೋಡಿರಲಿಲ್ಲ, ಅಷ್ಟೇ. ಹದಿನೈದು ವರ್ಷದ ನಮ್ಮ ದುಡಿಮೆ ನಮ್ಮ ಪೆಟ್ಟಿಗೆಯಲ್ಲೇ ಇತ್ತು, ಬೀಗದ ಕೈ ಮಾತ್ರ ನಮ್ಮಲ್ಲಿರಲಿಲ್ಲ.

ಅರ್ಕಾವೊತ್ತು ನಮ್ಮನ್ನು ಇನ್ನಷ್ಟು ಸತಾಯಿಸಿತು. 'ಸೂರ್ಯ' ಎಂದು ಬರೆದಾಗ ಕಣ್ಣಿಗೆ ಮೊದಲು ಕಾಣುವುದು 'ಯ', ಆಮೇಲೆ ಅರ್ಕಾವೊತ್ತು. ಹಳೆಯ ಫಾಂಟ್ ಅದನ್ನು ಕಣ್ಣಿಗೆ ಕಂಡ ಕ್ರಮದಲ್ಲೇ ಜೋಡಿಸಿಡುತ್ತಿತ್ತು. ಯೂನಿಕೋಡ್ ಬಾಯಿ ಉಚ್ಚರಿಸುವ ಕ್ರಮವನ್ನು ಕೇಳುತ್ತದೆ: ಮೊದಲು 'ರ್', ಆಮೇಲೆ 'ಯ'. ಅಂದರೆ ಹೊಸದು ನಮ್ಮ ಮಾತಿಗೆ ಹತ್ತಿರವಾಗಿತ್ತು. ಶಾಲೆಯಲ್ಲಿ ಮೇಷ್ಟ್ರು ಕಲಿಸಿದ ಕಾಗುಣಿತಕ್ಕೆ ಹತ್ತಿರವಾಗಿತ್ತು. ಆದರೂ ನಮಗೆ ಅದೇ ಕಷ್ಟ. ಏಕೆಂದರೆ ನಾವು ಕನ್ನಡವನ್ನು ಬೆರಳಿನಿಂದ ನೆನಪಿಟ್ಟಿದ್ದೆವು, ಬುದ್ಧಿಯಿಂದ ಅಲ್ಲ. ನಮಗೆ ಕಂಪ್ಯೂಟರ್ ಗೊತ್ತಿದೆ ಎಂದುಕೊಂಡಿದ್ದೆವು. ಗೊತ್ತಿದ್ದುದು ಒಂದು ಕಂಪ್ಯೂಟರಿನ ಗುಂಡಿಗಳು ಎಲ್ಲೆಲ್ಲಿವೆ ಎಂಬುದಷ್ಟೇ. ರೂಢಿಯನ್ನು ಜ್ಞಾನವೆಂದು ತಿಳಿದು ಮನುಷ್ಯ ಎಷ್ಟು ಕಾಲ ಬದುಕಿಬಿಡಬಲ್ಲ!

ಮೂರನೆಯ ದಿನ ಆ ಘಟನೆ ನಡೆಯಿತು. ಒಬ್ಬ ಗಿರಾಕಿ ನಿಂತಿದ್ದ. ನಾವು ಕಡತ ಹುಡುಕುತ್ತಾ ಪರದೆಯ ಮೇಲೆ ಅಲೆದಾಡುತ್ತಿದ್ದೆವು. ಹುಡುಗನಿಗೆ ತಡೆಯಲಾಗಲಿಲ್ಲ. "ಕೊಡಣ್ಣಾ ಇಲ್ಲಿ" ಎಂದು ಮೌಸನ್ನು ನಮ್ಮ ಕೈಯಿಂದ ತೆಗೆದುಕೊಂಡು ಕ್ಷಣಾರ್ಧದಲ್ಲಿ ಕೆಲಸ ಮುಗಿಸಿದ. ಅವನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಗಿರಾಕಿಯ ತುಟಿಯಂಚಿನಲ್ಲಿ ನಗು ಮೂಡಿತು, ನಮ್ಮ ಕಿವಿ ಬಿಸಿಯಾಯಿತು. ಆ ಬಿಸಿಯಲ್ಲಿ ನಮಗೆ ಅಬ್ಬಾ ನೆನಪಾದರು.

ಅಬ್ಬಾ ಟೈಪಿಸ್ಟ್ ಆಗಿದ್ದರು. ತಾಲೂಕು ಕಚೇರಿಯ ಎದುರು ಹೊಂಗೆಮರದ ನೆರಳಲ್ಲಿ ಒಂದು ಮೇಜು, ಒಂದು ಸ್ಟೂಲು, ಒಂದು ಕನ್ನಡ ಟೈಪ್‌ರೈಟರ್ ಇಟ್ಟುಕೊಂಡು ಇಪ್ಪತ್ತೈದು ವರ್ಷ ಅರ್ಜಿಗಳನ್ನು ಬಡಿದರು. ಮನೆಮಾತು ಉರ್ದುವಾದರೂ ಅವರ ಕನ್ನಡ ಕಾಗದದಲ್ಲಿ ಒಂದು ಒತ್ತಕ್ಷರ ತಪ್ಪುತ್ತಿರಲಿಲ್ಲ. ಪುಟದಲ್ಲಿ ತಪ್ಪಾದರೆ ಆ ಹಾಳೆಗೆ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಅರ್ಜಿ ಹೇಗೆ ಶುರುವಾಗಬೇಕು, ಯಾವ ಅಧಿಕಾರಿಗೆ ಬರೆಯಬೇಕು, ಸರ್ವೆ ನಂಬರ್ ಎಲ್ಲಿ ಬರಬೇಕು ಎಂಬುದೆಲ್ಲ ಅವರಿಗೆ ಕರತಲಾಮಲಕ. ಹಳ್ಳಿಯ ರೈತರು ಅವರನ್ನು 'ಸಾಬ್ರೇ' ಎಂದು ಕರೆದು, ಅವರು ಹೇಳಿದ ಕಡೆ ಹೆಬ್ಬೆಟ್ಟು ಒತ್ತುತ್ತಿದ್ದರು.

1999ರಲ್ಲಿ ನಾವು ಹಳೆಯದೊಂದು ಕಂಪ್ಯೂಟರ್ ಕೊಂಡು ಅಂಗಡಿ ತೆರೆದಾಗ ಅಬ್ಬಾನನ್ನೂ ಕೂರಿಸಿದೆವು. ಅವರಿಗೆ ಆಗ ಐವತ್ತೆಂಟು. ಸಾಲಿನ ಕೊನೆ ಬಂದೊಡನೆ ಅವರ ಎಡಗೈ ತಾನಾಗಿ ಮೇಲೆದ್ದು, ಟೈಪ್‌ರೈಟರಿನ ಸನ್ನೆಯನ್ನು ತಳ್ಳಲು ಹೋಗಿ ಗಾಳಿಯಲ್ಲಿ ನಿಲ್ಲುತ್ತಿತ್ತು. ಆಮೇಲೆ ನೆನಪಾಗಿ ಪ್ರತಿ ಸಾಲಿಗೂ ಎಂಟರ್ ಒತ್ತುತ್ತಿದ್ದರು. ಅಂಚು ಬದಲಿಸಿದರೆ ಪುಟವೆಲ್ಲ ಚೂರುಚೂರು. "ಎಷ್ಟು ಸಲ ಹೇಳೋದು ಅಬ್ಬಾ, ಸಾಲು ತಾನೇ ಕೆಳಗೆ ಹೋಗುತ್ತೆ" ಎಂದು ನಾವು ಗದರಿದೆವು. ಗಿರಾಕಿಗಳ ಎದುರೇ ಗದರಿದೆವು. ಮೌಸನ್ನು ಅವರ ಕೈಯಿಂದ ಕಸಿದುಕೊಂಡೆವು. ಅಬ್ಬಾ ಏನೂ ಅನ್ನಲಿಲ್ಲ. "ನಮಾಜಿಗೆ ಹೊತ್ತಾಯಿತು" ಎಂದು ಎದ್ದು ಹೋದರು. ಅಸರ್‌ನ ಅಜಾನ್‌ಗೆ ಇನ್ನೂ ಅರ್ಧ ಗಂಟೆ ಇತ್ತು.

ಮತ್ತೆಂದೂ ಅವರು ಆ ಕುರ್ಚಿಯಲ್ಲಿ ಕೂರಲಿಲ್ಲ. ಹೊಂಗೆಮರದಡಿಗೇ ಮರಳಿದರು. ಬರುವವರು ಕಡಿಮೆಯಾಗುತ್ತಾ ಹೋದರು. 2008ರಲ್ಲಿ ತೀರಿಕೊಂಡರು. ಆವರೆಗೂ ನಾವು ಮನೆಯಲ್ಲಿ ಹೇಳುತ್ತಿದ್ದ ಮಾತು ಒಂದೇ: "ಅಬ್ಬಾಗೆ ಕಂಪ್ಯೂಟರ್ ಹತ್ತಲಿಲ್ಲ." ಅದು ಸುಳ್ಳು. ಹತ್ತುವಷ್ಟು ಹೊತ್ತು ನಾವು ಕೊಡಲಿಲ್ಲ. ಅವರು ಕಂಪ್ಯೂಟರಿಗೆ ಹೆದರಿ ಓಡಿದವರಲ್ಲ, ಮಕ್ಕಳ ಮುಂದೆ ಮಾನ ಉಳಿಸಿಕೊಳ್ಳಲು ಎದ್ದು ಹೋದವರು. ಗುಂಡಿಗಳನ್ನು ನಾವು ಕಲಿಸಬಹುದಿತ್ತು. ಅರ್ಜಿ ಬರೆಯುವ ವಿದ್ಯೆಯನ್ನು ಅವರಿಂದ ಕಲಿಯಬಹುದಿತ್ತು. ಎರಡೂ ಆಗಲಿಲ್ಲ.

ಮೌಸ್ ಪ್ರಸಂಗದ ಮರುವಾರ ಹುಡುಗನ ತಾತ ಅಂಗಡಿಗೆ ಬಂದರು. ತಮ್ಮ ಬಾಕಿ ಹಣದ ಬಗ್ಗೆ ಅರ್ಜಿ ಬರೆಸಲು ಬಂದಿದ್ದರು. ಗಣಿಯಲ್ಲಿ ಅವರು ವೈಂಡಿಂಗ್ ಎಂಜಿನ್ ನಡೆಸುತ್ತಿದ್ದವರು. ಅಂದರೆ ಕಾರ್ಮಿಕರಿದ್ದ ಪಂಜರವನ್ನು ಉಕ್ಕಿನ ಹಗ್ಗದಲ್ಲಿ ಭೂಮಿಯ ಆಳಕ್ಕೆ ಇಳಿಸಿ ಮೇಲೆತ್ತುವವರು. ಚಾಂಪಿಯನ್ ರೀಫ್‌ನ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ನಾವು ತಡವರಿಸುವುದನ್ನೂ ಮೊಮ್ಮಗನ ಕೈ ಮೌಸಿನತ್ತ ಹೋಗುವುದನ್ನೂ ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅವನಿಗೆ ತಮಿಳಿನಲ್ಲಿ ಏನೋ ಹೇಳಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಅಂದರು: "ನಮಗೆ ಕೆಲಸ ಕಲಿಸೋವಾಗ ಹಳಬ ಪಕ್ಕದಲ್ಲೇ ನಿಲ್ಲೋನು. ಖಾಲಿ ಪಂಜರ ಇಳಿಸೋಕೆ ಕೊಡೋನು. ತಪ್ಪಾದರೆ ಬಾಯಲ್ಲಿ ಹೇಳೋನು, ನಮ್ಮ ಲಿವರಿಗೆ ಕೈ ಹಾಕ್ತಿರಲಿಲ್ಲ. ಅವನು ಕೈ ಹಾಕಿದ್ದರೆ ನಮ್ಮ ಕೈ ಯಾವತ್ತೂ ಕಲೀತಿರಲಿಲ್ಲ."

ಅಂದಿನಿಂದ ಹುಡುಗ ನಮಗೆ ಹೇಳಿಕೊಡುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲತೊಡಗಿದ.

ಆ ಹಿರಿಯರ ಮುಂದಿನ ಕಥೆಯನ್ನೂ ಹೇಳಬೇಕು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್‌ನ ಗಣಿಗಳು ಮುಚ್ಚಿದವು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲ ಅದು. ಅದಿರಿನಲ್ಲಿ ಚಿನ್ನ ಕಡಿಮೆಯಾಗಿತ್ತು, ತೆಗೆಯುವ ಖರ್ಚು ಹೆಚ್ಚಿತ್ತು, ಎಂಬುದು ಸುಳ್ಳಲ್ಲ. ಆದರೆ ಸಾವಿರಾರು ಕುಟುಂಬಗಳ ಪಾಲಿಗೆ ಒಂದೇ ದಿನದಲ್ಲಿ ಪ್ಲಾಟ್‌ಫಾರಂ ಬದಲಾಯಿತು. ಆ ತಾತ ಐವತ್ತು ದಾಟಿದ ಮೇಲೆ ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಕಾವಲುಗಾರರಾದರು. ನೂರಾರು ಜೀವಗಳ ಭಾರವನ್ನು ಒಂದು ಸನ್ನೆಯ ಮೇಲೆ ತೂಗಿದ ಕೈಗೆ ಅಲ್ಲಿ ಸಿಕ್ಕಿದ್ದು ಗೇಟು ತೆಗೆದು ಮುಚ್ಚುವ ಕೆಲಸ. ಅಲ್ಲಿ ಅವರಿಗೆ ಏನು ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಏನು ಬರುವುದಿಲ್ಲ ಎಂಬುದನ್ನು ಮಾತ್ರ ಎಲ್ಲರೂ ಎತ್ತಿ ತೋರಿಸಿದರು.

ನಮ್ಮ ಬದಲಾವಣೆಗೂ ಅವರ ಬದಲಾವಣೆಗೂ ಇರುವ ವ್ಯತ್ಯಾಸ ಇಲ್ಲಿದೆ. ಲಿನಕ್ಸಿಗೆ ಹೋಗಬೇಕೆಂದು ತೀರ್ಮಾನಿಸಿದವರು ನಾವೇ. ಆದ್ದರಿಂದ ಎಡವಿದಾಗ ನಗಬಹುದಿತ್ತು, ಬೇಸರವಾದರೆ ಒಂದು ದಿನ ಬಿಟ್ಟು ಕೂರಬಹುದಿತ್ತು. ಉರ್ದು ಕೆಲಸಕ್ಕೆ ಬೇಕಾದ ತಂತ್ರಾಂಶ ಹೊಸದರಲ್ಲಿ ನಡೆಯದಿದ್ದಾಗ ಆ ಕೆಲಸವನ್ನೇ ಕೆಲವು ತಿಂಗಳು ನಿಲ್ಲಿಸಿದೆವು. ನಷ್ಟವಾಯಿತು, ಆದರೆ ಅದು ನಾವು ಆರಿಸಿಕೊಂಡ ನಷ್ಟ. ಅಬ್ಬಾನಿಗೆ ಆ ಆಯ್ಕೆ ಇರಲಿಲ್ಲ. ಗಣಿಯವರಿಗೂ ಇರಲಿಲ್ಲ. ತೀರ್ಮಾನ ಒಬ್ಬರದು, ಅದರ ಬೆಲೆ ತೆರುವವರು ಇನ್ನೊಬ್ಬರು ಎಂದಾಗ ಬದಲಾವಣೆ ಕೇವಲ ತಂತ್ರಜ್ಞಾನದ ವಿಷಯವಾಗಿ ಉಳಿಯುವುದಿಲ್ಲ, ನ್ಯಾಯದ ವಿಷಯವಾಗುತ್ತದೆ.

ಹಾಗೆಂದು ಬದಲಾವಣೆಯೇ ಬೇಡ ಎನ್ನುವುದೂ ನ್ಯಾಯವಲ್ಲ. ಕೆಜಿಎಫ್‌ನಲ್ಲಿ ಬೆಳೆದವರು ಹೆಮ್ಮೆಯಿಂದ ಹೇಳುವ ಸಂಗತಿ ಒಂದಿದೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಈ ಗಣಿಗಳಿಗೆ ಬಂತು. ಬೆಂಗಳೂರಿಗೆ ವಿದ್ಯುತ್ ಬರುವುದಕ್ಕೆ ಮೂರು ವರ್ಷ ಮೊದಲು. ಹಬೆಯಂತ್ರಗಳ ಜಾಗಕ್ಕೆ ವಿದ್ಯುತ್ ಬಂದದ್ದು ಒಳ್ಳೆಯದೇ. ಬಾಯ್ಲರಿಗೆ ಸೌದೆ ತಳ್ಳುತ್ತಿದ್ದ ಕೈಗಳಿಗೆ ನಾಳೆ ಏನು ಕೆಲಸ ಎಂದು ಆ ಸಂಭ್ರಮದ ನಡುವೆ ಯಾರಾದರೂ ಕೇಳಿದ್ದರೆ ಅದು ಇನ್ನೂ ಒಳ್ಳೆಯದಾಗುತ್ತಿತ್ತು.

ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ಪಹಣಿಯನ್ನು ನೋಡಿ. ಅಬ್ಬಾ ಕುಳಿತಿದ್ದಂಥ ತಾಲೂಕು ಕಚೇರಿಗಳಲ್ಲೇ 2001ರ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿ ಜಮೀನು ದಾಖಲೆಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿ ಮಾನ್ಯತೆ ಕಳೆದುಕೊಂಡಿತು. ಅದಕ್ಕೆ ಮುಂಚೆ ಒಂದು ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ದಿನಗಟ್ಟಲೆ ಅಲೆದ, ಕೈ ಬಿಸಿ ಮಾಡಿದ ರೈತ, ಈಗ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟು ಅದನ್ನು ಪಡೆದ. ಹಳೆಯ ವ್ಯವಸ್ಥೆ ಬಲ್ಲವರಿಗೆ ಅದು ಎಷ್ಟು ಆತ್ಮೀಯವೋ, ಅದರಿಂದ ನೊಂದವರಿಗೆ ಅಷ್ಟೇ ಅನ್ಯಾಯ. "ನಮಗೆ ಹೊಸದು ಬರುವುದಿಲ್ಲ" ಎಂಬ ಮಾತನ್ನು ಹೇಳುವವರು ಯಾರು, ಅದು ಯಾವುದನ್ನು ಉಳಿಸಲು ಎಂದು ಕೇಳಲೇಬೇಕು. ನಮ್ಮ ಅಂಗಡಿಯಲ್ಲಿ ಆ ಮಾತು ಒಂದು ಕಳ್ಳತನವನ್ನು ಕಾಪಾಡುತ್ತಿತ್ತು.

ಆದ್ದರಿಂದ ನಮ್ಮ ಅನುಭವ ನಮಗೆ ಎರಡು ಮಾತು ಹೇಳಿತು. ಕಲಿಯುವುದು ಕಷ್ಟ ಎಂಬುದು ತಪ್ಪಿನಲ್ಲೇ ಉಳಿಯಲು ನೆಪವಾಗಬಾರದು. ಬದಲಾವಣೆ ಸರಿ ಎಂಬುದು ಜನರನ್ನು ಹಿಂದೆ ಬಿಟ್ಟು ಹೋಗಲು ಪರವಾನಗಿಯಾಗಬಾರದು. ಮೊದಲನೆಯದನ್ನು ನಮಗೆ ನಾವೇ ಹೇಳಿಕೊಳ್ಳಬೇಕು. ಎರಡನೆಯದನ್ನು ಇನ್ನೊಬ್ಬರ ಪರವಾಗಿ ಹೇಳಬೇಕು. ನಾವು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತೇವೆ. ನಮ್ಮ ಕಷ್ಟಕ್ಕೆ ರಿಯಾಯಿತಿ ಕೇಳುತ್ತೇವೆ, ಇನ್ನೊಬ್ಬರ ಕಷ್ಟಕ್ಕೆ ಸೋಮಾರಿತನ ಎಂದು ಹೆಸರಿಡುತ್ತೇವೆ.

ಇದನ್ನು ಸರಿಯಾಗಿ ಮಾಡಿದವರೂ ಇದ್ದಾರೆ. ಹತ್ತನೆಯ ಶತಮಾನದ ಡಮಾಸ್ಕಸ್‌ನಲ್ಲಿ ಅಲ್ ಉಕ್ಲೀದಿಸಿ ಎಂಬ ಗಣಿತಜ್ಞರಿದ್ದರು. ಭಾರತದಿಂದ ಹೋದ ಅಂಕಿಗಳನ್ನು ಆಗ ಧೂಳು ಹರಡಿದ ಹಲಗೆಯ ಮೇಲೆ ಬೆರಳಿನಿಂದ ಬರೆದು, ಅಳಿಸಿ, ಮತ್ತೆ ಬರೆದು ಲೆಕ್ಕ ಮಾಡುತ್ತಿದ್ದರು. ಗಾಳಿ ಬೀಸಿದರೆ ಲೆಕ್ಕ ಹಾರಿಹೋಗುತ್ತಿತ್ತು. ಬೀದಿಬದಿಯ ಜ್ಯೋತಿಷಿಗಳೂ ಅಂಥದೇ ಹಲಗೆ ಹಿಡಿಯುತ್ತಿದ್ದರಿಂದ ಮರ್ಯಾದಸ್ಥರಿಗೆ ಮುಜುಗರ ಬೇರೆ. ಇದನ್ನು ಬಿಟ್ಟು ಕಾಗದ ಮತ್ತು ಶಾಯಿಯಲ್ಲಿ ಲೆಕ್ಕ ಮಾಡಬಹುದೆಂದು ಅವರು 952ರ ಸುಮಾರಿಗೆ ಒಂದು ಗ್ರಂಥ ಬರೆದರು. ಅದರ ಕ್ರಮ ಗಮನಿಸಬೇಕು. ಅವರು ಮೊದಲ ಪುಟದಲ್ಲೇ ಹಲಗೆಯನ್ನು ಕಿತ್ತೆಸೆಯಲಿಲ್ಲ. ಓದುಗನಿಗೆ ಪರಿಚಿತವಾದ ಧೂಳಿನ ಲೆಕ್ಕದಿಂದಲೇ ಪಾಠ ಆರಂಭಿಸಿ, ಗ್ರಂಥದ ಕೊನೆಯ ಭಾಗದಲ್ಲಿ ಅದೇ ಲೆಕ್ಕಗಳನ್ನು ಅಳಿಸದೆ ಕಾಗದದ ಮೇಲೆ ಮಾಡುವುದು ಹೇಗೆಂದು ತೋರಿಸಿದರು. ಕಲಿಯುವವನು ತನಗೆ ಗೊತ್ತಿದ್ದುದನ್ನು ಕಳೆದುಕೊಳ್ಳದೆ, ಅದನ್ನು ಎತ್ತಿಕೊಂಡೇ ಈ ಕಡೆ ಬಂದ.

ನಮ್ಮ ಕಾಲದಲ್ಲಿ ಇದಕ್ಕೆ ಹತ್ತಿರವಾದುದು ಕೇರಳದಲ್ಲಿ ನಡೆಯಿತು. ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿನ ಸರಕಾರಿ ಶಾಲೆಗಳ ಕಂಪ್ಯೂಟರ್ ಶಿಕ್ಷಣವನ್ನು ಐಟಿ ಅಟ್ ಸ್ಕೂಲ್ ಯೋಜನೆಯಡಿ ಹಂತಹಂತವಾಗಿ ಮುಕ್ತ ತಂತ್ರಾಂಶಕ್ಕೆ ವರ್ಗಾಯಿಸಲಾಯಿತು. ದಶಕ ಮುಗಿಯುವ ಮೊದಲೇ ಹತ್ತನೆಯ ತರಗತಿಯ ಪ್ರಾಯೋಗಿಕ ಪರೀಕ್ಷೆ ಕೂಡ ಲಿನಕ್ಸಿನಲ್ಲೇ ನಡೆಯತೊಡಗಿತು. ಅಷ್ಟು ದೊಡ್ಡ ಬದಲಾವಣೆ ಸಾಧ್ಯವಾದದ್ದು ಸುತ್ತೋಲೆಯೊಂದರಿಂದಲೇ ಅಲ್ಲ. ಭಾರೀ ಸಂಖ್ಯೆಯ ಶಿಕ್ಷಕರಿಗೆ ತರಬೇತಿ ಕೊಡಲಾಯಿತು. ಕಲಿಸಿದವರಲ್ಲಿ ಅನೇಕರು ಅದೇ ಶಾಲೆಗಳ ಶಿಕ್ಷಕರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಷಯದ ಪಠ್ಯಪುಸ್ತಕ ಕನ್ನಡದಲ್ಲೇ ಬಂತು. ನಾವು ಬಂಗಾರಪೇಟೆಯಲ್ಲಿ ಎಡಮೂಲೆಯ ಗುಂಡಿಗಾಗಿ ಪರದಾಡುತ್ತಿದ್ದ ಹೊತ್ತಿಗೆ ಗಡಿಯಾಚೆಯ ಕನ್ನಡದ ಮಕ್ಕಳಿಗೆ ಅದು ದಿನನಿತ್ಯದ ಪಾಠವಾಗಿತ್ತು. ಅವರು ನಮಗಿಂತ ಬುದ್ಧಿವಂತರು ಎಂದಲ್ಲ. ಅವರ ಪಕ್ಕದಲ್ಲಿ ಒಬ್ಬರು ನಿಂತಿದ್ದರು.

ಇಂದು ಈ ಪ್ರಶ್ನೆ ಡಿಟಿಪಿ ಅಂಗಡಿಯನ್ನು ದಾಟಿ ಮನೆಮನೆಗೆ ಬಂದಿದೆ. ರೇಷನ್‌ಗೆ ಬೆರಳಚ್ಚು, ಪಿಂಚಣಿಗೆ ಜೀವಂತ ಇದ್ದೇನೆಂಬ ಡಿಜಿಟಲ್ ಪ್ರಮಾಣಪತ್ರ, ಬ್ಯಾಂಕಿಗೆ ಓಟಿಪಿ, ತರಕಾರಿಗೆ ಫೋನಿನ ಚೌಕುಳಿ ಚಿತ್ರ. ಕಲ್ಲು, ಸಿಮೆಂಟು, ಯಂತ್ರಗಳೊಡನೆ ದುಡಿದ ಕೈಗಳ ಬೆರಳ ಗೆರೆಗಳು ಸವೆದಿರುತ್ತವೆ. ಯಂತ್ರ ಅವನ್ನು ಗುರುತಿಸದೆ ಕೆಂಪು ದೀಪ ತೋರಿಸುತ್ತದೆ. ದುಡಿದದ್ದೇ ಅಪರಾಧವಾದಂತೆ ಮುದುಕ ಬೆರಳನ್ನು ಲುಂಗಿಗೆ ಒರೆಸಿಕೊಂಡು ಮತ್ತೆ ಇಡುತ್ತಾನೆ. ಸಾಲಿನಲ್ಲಿ ನಿಂತವರು ಗೊಣಗುತ್ತಾರೆ. ಮನೆಯಲ್ಲಿ ಅಮ್ಮ ಫೋನು ಹಿಡಿದು "ಇದು ಹೇಗೆ ಮಗಾ?" ಎಂದರೆ, ನಾವು ಫೋನು ಕಸಿದುಕೊಂಡು ಕೆಲಸ ಮುಗಿಸಿ ಕೈಗಿಡುತ್ತೇವೆ. ಅವಳಿಗೆ ಕೆಲಸ ಆಯಿತು, ಕಲಿಕೆ ಆಗಲಿಲ್ಲ. ನಾಳೆ ಮತ್ತೆ ಕೇಳಬೇಕು. ಮೂರು ಸಲ ಕೇಳಿದ ಮೇಲೆ ಕೇಳುವುದನ್ನೇ ಬಿಡುತ್ತಾಳೆ. "ಅಮ್ಮನಿಗೆ ಹತ್ತಲಿಲ್ಲ" ಎಂದು ನಾವು ಹೇಳಿಕೊಂಡು ತಿರುಗುತ್ತೇವೆ.

ಮಾತು ಬಾರದ ಕಾಲದಲ್ಲಿ ನಮಗೆ ಒಂದೇ ಪದವನ್ನು ನೂರು ಸಲ ಹೇಳಿಕೊಟ್ಟವರು ಇವರೇ. ಆಗ ಅವರು ನಮ್ಮ ಬಾಯಿಂದ ಮಾತನ್ನು ಕಸಿದುಕೊಳ್ಳಲಿಲ್ಲ. ತಂದೆತಾಯಿಯ ಋಣದ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಅದನ್ನು ತೀರಿಸಲು ಹಜ್ ಮಾಡಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಹತ್ತನೆಯ ಸಲವೂ ದನಿ ಏರಿಸದೆ ಹೇಳಿಕೊಡುವುದಕ್ಕೆ ಕಾಸು ಬೇಕಿಲ್ಲ.

ನಮ್ಮ ಅಂಗಡಿ ಈಗಲೂ ಇದೆ. ಎಲ್ಲ ಕೆಲಸವೂ ಲಿನಕ್ಸಿನಲ್ಲೇ ನಡೆಯುತ್ತಿದೆ ಎಂದರೆ ಸುಳ್ಳಾಗುತ್ತದೆ. ಕೆಲವು ಕೆಲಸಗಳಿಗೆ ಇನ್ನೊಂದೂ ಬೇಕಾಯಿತು, ಮುಂದೆ ದುಡ್ಡು ಕೂಡಿಸಿ ಅದರ ಲೈಸೆನ್ಸ್ ಕೊಂಡೆವು. ಹುಡುಗ ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಬೆಳಗಿನ ರೈಲಿಗೆ ಹೋಗುತ್ತಾನೆ. ಅಂಗಡಿಯಲ್ಲಿ ಒಂದು ಯಂತ್ರವನ್ನು ಕಲಿಯಬೇಕೆನ್ನುವ ಹಿರಿಯರಿಗೆಂದೇ ಬಿಟ್ಟಿದ್ದೇವೆ. ಹೇಳಿಕೊಡುವವರು ಮೌಸ್ ಮುಟ್ಟುವಂತಿಲ್ಲ ಎಂಬುದೊಂದೇ ನಿಯಮ. ಮೊದಮೊದಲು ನಮಗೇ ಕೈ ತುರಿಸುತ್ತಿತ್ತು. ಈಗ ಅಭ್ಯಾಸವಾಗಿದೆ.

ಅಬ್ಬಾನ ಟೈಪ್‌ರೈಟರ್ ಮನೆಯ ಅಟ್ಟದಲ್ಲಿದೆ. ಅದನ್ನು ಇಳಿಸಿ ಅಂಗಡಿಯಲ್ಲಿ ಇಡಬೇಕೆಂದು ಎಷ್ಟೋ ಸಲ ಅಂದುಕೊಂಡೆವು. ಅಲಂಕಾರಕ್ಕೆ ಇಟ್ಟರೆ ನಮ್ಮ ತಪ್ಪು ಮುಚ್ಚಿಹೋಗುವುದಿಲ್ಲ ಎಂದು ಬಿಟ್ಟಿದ್ದೇವೆ. ಕಳೆದ ತಿಂಗಳು ನಿಲ್ದಾಣದಲ್ಲಿ ಮತ್ತೆ ಪ್ಲಾಟ್‌ಫಾರಂ ಬದಲಾದ ಘೋಷಣೆ ಕೇಳಿಸಿತು. ನಾವೂ ಓಡುವವರೇ. ಮೆಟ್ಟಿಲ ಬುಡದಲ್ಲಿ ಒಬ್ಬ ಹೆಂಗಸು ಮೂಟೆ ಇಟ್ಟುಕೊಂಡು ಮೇಲೆ ನೋಡುತ್ತಾ ನಿಂತಿದ್ದಳು. ಅಣ್ಣ ಮೂಟೆ ಎತ್ತಿಕೊಂಡ, ತಮ್ಮ ಅವಳ ಪಕ್ಕದಲ್ಲಿ ಅವಳ ನಡಿಗೆಗೆ ನಡೆದ. ಗಾಡಿ ಸಿಕ್ಕಿತು.